ಗ್ಯಾಸ್ ಮಾತ್ರೆ ನುಂಗಿ ಉಸಿರಿನ ಪರೀಕ್ಷೆಗೆ ಕೂತರೆ, ‘ನೆಗೆಟಿವ್’ ವರದಿಯನ್ನು ನಂಬಬಹುದೇ?

ಕರ್ನಾಟಕದ ಯಾವ ಊರಿಗೆ ಹೋದರೂ ಎಲ್ಲರಿಗೂ ಗೊತ್ತಿರುವ ಕಾಯಿಲೆ ‘ಗ್ಯಾಸ್ಟ್ರಿಕ್’. ಎದೆ ಉರಿದರೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬರಿಸಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್. ಅದಕ್ಕೆ ಮದ್ದು ಏನು ಅನ್ನೋದೂ ಎಲ್ಲರಿಗೂ ಗೊತ್ತು. ಮೆಡಿಕಲ್ ಶಾಪಿನಲ್ಲಿ ‘ಒಂದು ಗ್ಯಾಸ್ ಮಾತ್ರೆ ಕೊಡಿ’ ಅಂದರೆ ಸಾಕು, ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಅಥವಾ ರಾಬೆಪ್ರಜೋಲ್ ಸ್ಟ್ರಿಪ್ ಕೈಗೆ ಬರುತ್ತೆ. ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕು ಅಂತ ಆ ಸ್ಟ್ರಿಪ್ಪಿನ ಮೇಲೇ ಅಚ್ಚಾಗಿರುತ್ತೆ. ಅದನ್ನು ಕೊಡುವವರೂ ಓದಲ್ಲ, ಕೊಳ್ಳುವವರೂ ಓದಲ್ಲ.

ಈ ಮಾತ್ರೆಗಳು ಕೆಟ್ಟವು ಅಂತ ಹೇಳೋಕೆ ನಾನು ಹೊರಟಿಲ್ಲ. ಹೊಟ್ಟೆಯ ಹುಣ್ಣಿನಿಂದ ರಕ್ತ ಹೋಗಿ ಸಾಯಬಹುದಾಗಿದ್ದ ಎಷ್ಟೋ ಜನರನ್ನು ಇವು ಉಳಿಸಿವೆ. ನಾನು ಹೇಳಬೇಕಿರೋದು ಬೇರೆ. ಹೊಟ್ಟೆಯಲ್ಲಿ ಸೋಂಕು ಇದೆಯೇ ಅಂತ ನೋಡೋಕೆ ಉಸಿರಿನ ಪರೀಕ್ಷೆ ಮಾಡುತ್ತಾರೆ. ಈ ಮಾತ್ರೆ ನುಂಗುತ್ತಲೇ ಆ ಪರೀಕ್ಷೆಗೆ ಹೋದರೆ, ಸೋಂಕಿದ್ದರೂ ‘ನೆಗೆಟಿವ್’ ಅಂತ ವರದಿ ಬರಬಹುದು. ಅಂಥ ಪರೀಕ್ಷೆ ನಡೆಯುವ ಕೋಣೆಯಲ್ಲಿ ಕೆಲವು ವರ್ಷ ಟೆಕ್ನೀಷಿಯನ್ ಆಗಿ ಕೆಲಸ ಮಾಡಿದವನಾಗಿ ಹೇಳುತ್ತಿದ್ದೇನೆ: ಬರೋ ಮುಂಚೆ ತಿಂಡಿ ತಿನ್ನಬೇಡಿ ಅಂತ ನಮ್ಮಲ್ಲಿ ಎಲ್ಲರಿಗೂ ಹೇಳಿರುತ್ತಿದ್ದರು. ಮಾತ್ರೆ ನಿಲ್ಲಿಸಿ ಅಂತ ಹೇಳಿಸಿಕೊಂಡು ಬಂದವರು ಕಮ್ಮಿ.

ಯಾವ ಸೋಂಕು ಇದು?

ಹೆಲಿಕೋಬ್ಯಾಕ್ಟರ್ ಪೈಲೋರಿ ಅಥವಾ ಸಲೀಸಾಗಿ ಎಚ್. ಪೈಲೋರಿ. ಸುರುಳಿಯಾಕಾರದ ಬ್ಯಾಕ್ಟೀರಿಯಾ. ಜಠರದ ಒಳಗೋಡೆಗೆ ಅಂಟಿಕೊಂಡ ಲೋಳೆಯಲ್ಲಿ ಬದುಕುತ್ತೆ. ಹೊಟ್ಟೆಯ ಆಮ್ಲದಲ್ಲಿ ಯಾವ ಬ್ಯಾಕ್ಟೀರಿಯಾವೂ ಬದುಕೋಕಾಗಲ್ಲ ಅಂತ ವೈದ್ಯಲೋಕ ದಶಕಗಳ ಕಾಲ ನಂಬಿತ್ತು. ಹುಣ್ಣಾದವರಿಗೆಲ್ಲ ‘ಖಾರ ಬಿಡು, ಟೆನ್ಷನ್ ಮಾಡ್ಕೋಬೇಡ’ ಅನ್ನೋದೇ ಬುದ್ಧಿವಾದ. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಈ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ಯಾರೂ ನಂಬದಿದ್ದಾಗ, 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆರೆಸಿದ ದ್ರವವನ್ನು ತಾನೇ ಕುಡಿದು, ಹೊಟ್ಟೆಯ ಉರಿಯೂತ ಬರಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಸೋಂಕು ಇರುವ ಬಹುಪಾಲು ಜನರಿಗೆ ಏನೂ ಗೊತ್ತೇ ಆಗಲ್ಲ. ಅಂದಾಜು ಹತ್ತು ಜನರಲ್ಲಿ ಒಬ್ಬರಿಗೆ ಹುಣ್ಣಾಗುತ್ತೆ. ನೂರರಲ್ಲಿ ಒಬ್ಬಿಬ್ಬರಿಗೆ ಹಲವು ದಶಕಗಳ ನಂತರ ಜಠರದ ಕ್ಯಾನ್ಸರ್ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದ ಕಾರಣಗಳ ಪಟ್ಟಿಗೆ ಸೇರಿಸಿತು. ಒಬ್ಬಿಬ್ಬರು ಅನ್ನೋದು ಚಿಕ್ಕ ಸಂಖ್ಯೆ ಅನ್ನಿಸಬಹುದು. ಆದರೆ ಭಾರತದಂಥ ದೇಶದಲ್ಲಿ ಸೋಂಕು ಕೋಟ್ಯಂತರ ಜನರಲ್ಲಿದೆ.

ಇದು ಹರಡುವುದು ಹೆಚ್ಚಾಗಿ ಬಾಲ್ಯದಲ್ಲಿ, ಮನೆಯೊಳಗೇ, ಒಬ್ಬರಿಂದ ಒಬ್ಬರಿಗೆ. ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವ ಮನೆ, ಶುದ್ಧ ನೀರಿಲ್ಲದ, ಶೌಚಾಲಯವಿಲ್ಲದ ಬೀದಿ ಇದಕ್ಕೆ ಅನುಕೂಲ. ಹಾಗಾಗಿ ಯಾರಿಗೆ ಈ ಸೋಂಕು ಹೆಚ್ಚು ಅನ್ನೋ ಪ್ರಶ್ನೆಗೆ ಉತ್ತರ ಜೀವಶಾಸ್ತ್ರದಲ್ಲಿ ಮಾತ್ರ ಇಲ್ಲ, ವಸತಿ ಮತ್ತು ನೀರಿನ ರಾಜಕಾರಣದಲ್ಲೂ ಇದೆ.

ಉಸಿರು ಹೇಗೆ ಸೋಂಕನ್ನು ಹೇಳುತ್ತೆ?

ಎಚ್. ಪೈಲೋರಿ ಆಮ್ಲದಲ್ಲಿ ಬದುಕೋಕೆ ಒಂದು ಉಪಾಯ ಮಾಡಿಕೊಂಡಿದೆ. ಯೂರಿಯೇಸ್ ಅನ್ನೋ ಕಿಣ್ವವನ್ನು ಹೇರಳವಾಗಿ ತಯಾರಿಸುತ್ತೆ. ಹೊಟ್ಟೆಯಲ್ಲಿ ಸಿಗುವ ಯೂರಿಯಾವನ್ನು ಈ ಕಿಣ್ವ ಒಡೆದು ಅಮೋನಿಯಾ ಮತ್ತು ಕಾರ್ಬನ್ ಡೈಆಕ್ಸೈಡ್ ಮಾಡುತ್ತೆ. ಅಮೋನಿಯಾ ಆಮ್ಲವನ್ನು ತಟಸ್ಥಗೊಳಿಸುತ್ತೆ, ಬ್ಯಾಕ್ಟೀರಿಯಾ ಬದುಕಿಕೊಳ್ಳುತ್ತೆ. ಕಾರ್ಬನ್ ಡೈಆಕ್ಸೈಡ್ ರಕ್ತಕ್ಕೆ ಸೇರಿ, ಶ್ವಾಸಕೋಶಕ್ಕೆ ಹೋಗಿ, ಉಸಿರಲ್ಲಿ ಹೊರಬರುತ್ತೆ.

ಪರೀಕ್ಷೆ ಈ ದಾರಿಯನ್ನೇ ಹಿಡಿಯುತ್ತೆ. ಗುರುತು ಹಚ್ಚಿದ ಕಾರ್ಬನ್ ಇರುವ ಯೂರಿಯಾವನ್ನು ನಿಮಗೆ ಕುಡಿಸುತ್ತಾರೆ ಅಥವಾ ಕ್ಯಾಪ್ಸೂಲಿನಲ್ಲಿ ನುಂಗಿಸುತ್ತಾರೆ. ಕಾಲು ಗಂಟೆಯಿಂದ ಅರ್ಧ ಗಂಟೆ ಬಿಟ್ಟು ಒಂದು ಚೀಲಕ್ಕೋ ಕಾರ್ಡಿಗೋ ಊದಿಸುತ್ತಾರೆ. ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಇದ್ದರೆ ಆ ಗುರುತಿನ ಕಾರ್ಬನ್ ಉಸಿರಿನಲ್ಲಿ ಸಿಗುತ್ತೆ. ಇಲ್ಲದಿದ್ದರೆ ಯೂರಿಯಾ ಒಡೆಯುವವರೇ ಇಲ್ಲ, ಗುರುತೂ ಸಿಗಲ್ಲ.

ಗುರುತಿಗೆ ಎರಡು ಬಗೆಯ ಕಾರ್ಬನ್ ಬಳಸುತ್ತಾರೆ. ಕಾರ್ಬನ್-13 ವಿಕಿರಣ ಸೂಸಲ್ಲ. ಮಕ್ಕಳಿಗೆ, ಗರ್ಭಿಣಿಯರಿಗೆ ಇದನ್ನೇ ಆರಿಸುತ್ತಾರೆ. ಕಾರ್ಬನ್-14 ವಿಕಿರಣ ಸೂಸುತ್ತೆ, ಆದರೆ ಪರೀಕ್ಷೆಯಲ್ಲಿ ಬಳಸುವ ಪ್ರಮಾಣದಿಂದ ದೇಹಕ್ಕೆ ತಾಗೋದು ನಾವು ಒಂದು ದಿನ ಸುಮ್ಮನೆ ಈ ಭೂಮಿಯ ಮೇಲೆ ಇದ್ದರೆ ತಾಗುವ ವಿಕಿರಣಕ್ಕಿಂತ ಕಡಿಮೆ. ಸರಿಯಾಗಿ ಮಾಡಿದರೆ ಎರಡೂ ತುಂಬ ನಂಬಿಕಸ್ಥ ಪರೀಕ್ಷೆಗಳು. ಎಂಡೋಸ್ಕೋಪಿಯ ಕೊಳವೆ ನುಂಗುವ ಕಷ್ಟವೂ ಇಲ್ಲ. ‘ಸರಿಯಾಗಿ ಮಾಡಿದರೆ’ ಅನ್ನೋ ಮಾತಲ್ಲೇ ಎಲ್ಲಾ ಇದೆ.

ಮಾತ್ರೆ ಒಳಗೆ ಹೋಗಿ ಏನು ಮಾಡುತ್ತೆ?

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್, ಈಸೊಮೆಪ್ರಜೋಲ್, ಲ್ಯಾನ್ಸೊಪ್ರಜೋಲ್ ಎಲ್ಲ ಒಂದೇ ಕುಟುಂಬ. ವೈದ್ಯರು ಪಿಪಿಐ ಅನ್ನುತ್ತಾರೆ. ಜಠರದ ಗೋಡೆಯಲ್ಲಿ ಆಮ್ಲವನ್ನು ಹೊರಹಾಕುವ ಪುಟ್ಟ ಪಂಪುಗಳಿವೆ; ಪಿಪಿಐ ಆ ಪಂಪುಗಳನ್ನೇ ಬಂದ್ ಮಾಡುತ್ತೆ. ಇದರಿಂದ ಉಸಿರಿನ ಪರೀಕ್ಷೆ ಮೂರು ದಾರಿಯಲ್ಲಿ ಹದಗೆಡುತ್ತೆ.

ಒಂದು, ಈ ಔಷಧಿಗೆ ತನ್ನದೇ ಆದ ಸ್ವಲ್ಪ ಬ್ಯಾಕ್ಟೀರಿಯಾ ನಿರೋಧಕ ಗುಣ ಇದೆ. ಎಚ್. ಪೈಲೋರಿಯನ್ನು ಪೂರ್ತಿ ಕೊಲ್ಲುವಷ್ಟಿಲ್ಲ, ಸಂಖ್ಯೆ ತಗ್ಗಿಸುವಷ್ಟಿದೆ. ಬ್ಯಾಕ್ಟೀರಿಯಾ ಕಡಿಮೆಯಾದರೆ ಒಡೆಯುವ ಯೂರಿಯಾವೂ ಕಡಿಮೆ.

ಎರಡು, ಎಚ್. ಪೈಲೋರಿಯ ಪೊರೆಯಲ್ಲಿ ಯೂರಿಯಾವನ್ನು ಒಳಗೆ ಬಿಟ್ಟುಕೊಳ್ಳುವ ಒಂದು ಬಾಗಿಲಿದೆ. ಸುತ್ತಲೂ ಆಮ್ಲ ಇದ್ದಾಗ ಈ ಬಾಗಿಲು ತೆರೆಯುತ್ತೆ, ಆಮ್ಲ ಇಳಿದರೆ ಮುಚ್ಚಿಕೊಳ್ಳುತ್ತೆ. ಆಮ್ಲವೇ ಇಲ್ಲದಿದ್ದರೆ ತಪ್ಪಿಸಿಕೊಳ್ಳುವ ಗರಜು ಏನಿದೆ? ಬ್ಯಾಕ್ಟೀರಿಯಾ ಜೀವಂತ ಇರುತ್ತೆ, ಆದರೆ ಪರೀಕ್ಷೆಗೆ ಬೇಕಾದ ಕೆಲಸ ಮಾಡಲ್ಲ. ಪರೀಕ್ಷೆಯ ಯೂರಿಯಾ ಜೊತೆ ಎಷ್ಟೋ ಕಡೆ ಸಿಟ್ರಿಕ್ ಆಮ್ಲ ಬೆರೆಸೋದು ಭಾಗಶಃ ಇದೇ ಕಾರಣಕ್ಕೆ. ಆದರೂ ಪಿಪಿಐ ಪ್ರಭಾವವನ್ನು ಅದು ಪೂರ್ತಿ ಅಳಿಸಲ್ಲ.

ಮೂರು, ಬ್ಯಾಕ್ಟೀರಿಯಾ ಜಾಗ ಬದಲಿಸುತ್ತೆ. ಸಾಮಾನ್ಯವಾಗಿ ಜಠರದ ಕೆಳತುದಿಯಲ್ಲಿ ದಟ್ಟವಾಗಿರುವ ಅದು, ಆಮ್ಲ ತಗ್ಗಿದಾಗ ಮೇಲ್ಭಾಗಕ್ಕೆ ಸರಿಯುತ್ತೆ. ಹಾಗಾಗಿ ಎಂಡೋಸ್ಕೋಪಿಯಲ್ಲಿ ಬರೀ ಕೆಳಭಾಗದ ಚೂರು ತೆಗೆದರೆ ಅಲ್ಲೂ ಸಿಗದೇ ಹೋಗಬಹುದು.

ಎಷ್ಟರ ಮಟ್ಟಿಗೆ ತಪ್ಪುತ್ತೆ?

1998ರಲ್ಲಿ ‘ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದನ್ನು ಸರಳವಾಗಿ ಅಳೆಯಿತು. ಸೋಂಕು ಇದೆ ಅಂತ ಖಚಿತವಾಗಿದ್ದ 93 ಜನರಿಗೆ 28 ದಿನ, ದಿನಕ್ಕೆ 30 ಮಿಲಿಗ್ರಾಂ ಲ್ಯಾನ್ಸೊಪ್ರಜೋಲ್ ಕೊಟ್ಟರು. ಆಮೇಲೆ ಉಸಿರಿನ ಪರೀಕ್ಷೆ ಮಾಡಿದರೆ ಮೂರರಲ್ಲಿ ಒಬ್ಬರಿಗೆ ‘ನೆಗೆಟಿವ್’ ಬಂತು. ಮಾತ್ರೆ ನಿಲ್ಲಿಸಿದ ಮೂರನೇ ದಿನ ಶೇ. 91ರಷ್ಟು ಜನರಲ್ಲಿ ಮತ್ತೆ ಪಾಸಿಟಿವ್, ಏಳನೇ ದಿನ ಶೇ. 97, ಹದಿನಾಲ್ಕನೇ ದಿನ ಶೇ. 100.

ಪರೀಕ್ಷೆಗೆ ಎರಡು ವಾರ ಮುಂಚೆ ಪಿಪಿಐ ನಿಲ್ಲಿಸಬೇಕು ಅಂತ ಮಾರ್ಗಸೂಚಿಗಳು ಹೇಳುತ್ತವಲ್ಲ, ಅದಕ್ಕೆ ಆಧಾರ ಇಂಥ ಲೆಕ್ಕವೇ. ಬೇರೆ ಔಷಧಿಗಳಿಗೆ ಲೆಕ್ಕ ಬೇರೆ ಬೇರೆ:

• ಪಿಪಿಐ ಮಾತ್ರೆಗಳು: 2 ವಾರ. ಡೊಂಪೆರಿಡೋನ್ ಬೆರೆತ ಕ್ಯಾಪ್ಸೂಲ್, ನೋವಿನ ಮಾತ್ರೆ ಜೊತೆ ರಾಬೆಪ್ರಜೋಲ್ ಸೇರಿಸಿದ ಕ್ಯಾಪ್ಸೂಲ್ ಕೂಡ ಇದರಲ್ಲೇ ಬರುತ್ತವೆ.
• ವೊನೊಪ್ರಜಾನ್ ಥರದ ಹೊಸ ಆಮ್ಲ ನಿರೋಧಕಗಳು: ಇವಕ್ಕೂ 2 ವಾರ.
• ಆಂಟಿಬಯೋಟಿಕ್: 4 ವಾರ. ಹಲ್ಲುನೋವಿಗೋ ಜ್ವರಕ್ಕೋ ತಗೊಂಡಿದ್ದರೂ ಲೆಕ್ಕಕ್ಕೆ ಬರುತ್ತೆ.
• ಬಿಸ್ಮತ್ ಇರುವ ಔಷಧಿ: 4 ವಾರ.
• ಫ್ಯಾಮೊಟಿಡಿನ್ ಥರದ ಹಳೆಯ ಮಾತ್ರೆಗಳು: ಪ್ರಭಾವ ಕಡಿಮೆ. ಒಂದೆರಡು ದಿನ ಮುಂಚೆ ನಿಲ್ಲಿಸಿದರೆ ಸಾಮಾನ್ಯವಾಗಿ ಸಾಕು.
• ಗುಲಾಬಿ ಬಣ್ಣದ ಆಂಟಾಸಿಡ್ ಸಿರಪ್: ಹೆಚ್ಚು ತೊಂದರೆ ಕೊಡಲ್ಲ. ಪರೀಕ್ಷೆಯ ದಿನ ಬೆಳಿಗ್ಗೆ ಬೇಡ.

ಮಲದಲ್ಲಿ ಈ ಬ್ಯಾಕ್ಟೀರಿಯಾದ ಅಂಶ ಹುಡುಕುವ ಪರೀಕ್ಷೆಗೂ, ಎಂಡೋಸ್ಕೋಪಿಯಲ್ಲಿ ಚೂರು ತೆಗೆದು ಮಾಡುವ ಯೂರಿಯೇಸ್ ಪರೀಕ್ಷೆಗೂ ಇದೇ ತೊಂದರೆ ಇದೆ. ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆಗೆ ಪಿಪಿಐ ಅಡ್ಡಿ ಮಾಡಲ್ಲ. ಆದರೆ ಸೋಂಕು ಈಗ ಇದೆಯೋ, ಹಿಂದೆ ಯಾವಾಗಲೋ ಇತ್ತೋ ಅನ್ನೋದು ಅದಕ್ಕೆ ಗೊತ್ತಾಗಲ್ಲ.

ಪಾಸಿಟಿವ್ ಬಂದರೆ ನಂಬಿ, ನೆಗೆಟಿವ್ ಬಂದರೆ ಕೇಳಿ

ಇಲ್ಲೊಂದು ಮುಖ್ಯ ವ್ಯತ್ಯಾಸ ಇದೆ. ಪಿಪಿಐ ನುಂಗುತ್ತಿದ್ದಾಗಲೂ ಪರೀಕ್ಷೆ ಪಾಸಿಟಿವ್ ಬಂದರೆ ಆ ವರದಿಯನ್ನು ಸಾಮಾನ್ಯವಾಗಿ ನಂಬಬಹುದು. ಮಾತ್ರೆ ಅಡಗಿಸೋಕೆ ನೋಡಿದರೂ ಸೋಂಕು ಕಂಡಿದೆ ಅಂತ ಅರ್ಥ. ಹಾಗಾಗಿ ಗೊತ್ತಿಲ್ಲದೆ ಮಾತ್ರೆ ನುಂಗಿ ಹೋಗಿ ಪಾಸಿಟಿವ್ ಬಂದವರು ಮತ್ತೆ ದುಡ್ಡು ಖರ್ಚು ಮಾಡಿ ಪರೀಕ್ಷೆ ಮಾಡಿಸಬೇಕಾಗಿಲ್ಲ.

ನೆಗೆಟಿವ್ ಬಂದರೆ ಮಾತ್ರ ಆ ವರದಿಗೆ ಬೆಲೆ ಇಲ್ಲ. ಎರಡು ವಾರ ಮಾತ್ರೆ ಬಿಟ್ಟು ಮತ್ತೆ ಮಾಡಿಸಬೇಕು. ನೆಗೆಟಿವ್ ಅಂದರೆ ‘ಕಾಣಲಿಲ್ಲ’ ಅಂತ. ಅದನ್ನು ‘ಇಲ್ಲ’ ಅಂತ ಓದಬೇಕಾದರೆ ಹಿಂದಿನ ಎರಡು ವಾರ ಏನೇನು ನುಂಗಿದ್ದೀರಿ ಅನ್ನೋದು ಗೊತ್ತಿರಬೇಕು.

ಈ ಎಡವಟ್ಟು ಅತಿ ಹೆಚ್ಚು ಹಾನಿ ಮಾಡೋದು ಚಿಕಿತ್ಸೆ ಆದಮೇಲೆ. ಎಚ್. ಪೈಲೋರಿಗೆ ಸಾಮಾನ್ಯವಾಗಿ 14 ದಿನದ ಕೋರ್ಸ್: ಎರಡು ಆಂಟಿಬಯೋಟಿಕ್, ಜೊತೆಗೊಂದು ಪಿಪಿಐ, ಎಷ್ಟೋ ಸಲ ಬಿಸ್ಮತ್ ಕೂಡ. ನಮ್ಮ ದೇಶದಲ್ಲಿ ಮೆಟ್ರೊನಿಡಜೋಲ್, ಕ್ಲಾರಿಥ್ರೊಮೈಸಿನ್, ಲೆವೊಫ್ಲಾಕ್ಸಸಿನ್ ಎಲ್ಲಕ್ಕೂ ಈ ಬ್ಯಾಕ್ಟೀರಿಯಾ ಸಾಕಷ್ಟು ಪ್ರತಿರೋಧ ಬೆಳೆಸಿಕೊಂಡಿದೆ. ಹಾಗಾಗಿ ಕೋರ್ಸ್ ಮುಗಿಸಿದರೆ ವಾಸಿಯಾಯಿತು ಅಂತ ಅಲ್ಲ. ಆಂಟಿಬಯೋಟಿಕ್ ಮುಗಿದು ಕನಿಷ್ಠ ನಾಲ್ಕು ವಾರ, ಪಿಪಿಐ ಬಿಟ್ಟು ಎರಡು ವಾರ ಆದಮೇಲೆ ಮರುಪರೀಕ್ಷೆ ಮಾಡಲೇಬೇಕು.

ಆದರೆ ಆಗೋದೇನು? ಆಂಟಿಬಯೋಟಿಕ್ ಮುಗಿದರೂ ‘ಗ್ಯಾಸಿಂದು ಒಂದು ತಿಂಗಳು ಮುಂದುವರಿಸಿ’ ಅಂತ ಚೀಟಿಯಲ್ಲಿ ಬರೆದಿರುತ್ತೆ. ರೋಗಿ ಅದೇ ಮಾತ್ರೆ ನುಂಗುತ್ತಾ ನಾಲ್ಕನೇ ವಾರಕ್ಕೆ ಸರಿಯಾಗಿ ಬಂದು ಊದುತ್ತಾರೆ. ವರದಿ ನೆಗೆಟಿವ್. ‘ವಾಸಿ ಆಯ್ತು’ ಅಂತ ಫೈಲ್ ಮುಚ್ಚುತ್ತೆ. ಅರೆಬರೆ ಸತ್ತ, ಔಷಧಿಗೆ ಒಗ್ಗಿಕೊಂಡ ಬ್ಯಾಕ್ಟೀರಿಯಾ ಒಳಗೇ ಉಳಿಯುತ್ತೆ. ವರ್ಷ ಬಿಟ್ಟು ಹುಣ್ಣು ರಕ್ತ ಸುರಿಸಿದಾಗ, ಸೋಂಕು ವಾಸಿಯಾಗಿದೆ ಅನ್ನೋ ಆ ಹಳೇ ಕಾಗದವೇ ವೈದ್ಯರ ದಾರಿ ತಪ್ಪಿಸಬಹುದು.

‘ಮಾತ್ರೆ ತಗೋತಿದ್ದೀರಾ?’ ‘ಇಲ್ಲ ಸಾರ್’

ಪರೀಕ್ಷಾ ಕೋಣೆಯಲ್ಲಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತೆ: ‘ಯಾವುದಾದರೂ ಔಷಧಿ ತಗೋತಿದ್ದೀರಾ?’ ಬಹಳ ಜನ ‘ಇಲ್ಲ’ ಅಂತಾರೆ. ಅವರು ಸುಳ್ಳು ಹೇಳುತ್ತಿಲ್ಲ. ನಮ್ಮ ಜನರ ಲೆಕ್ಕದಲ್ಲಿ ಶುಗರ್, ಬಿಪಿ ಮಾತ್ರೆ ಔಷಧಿ. ಗ್ಯಾಸ್ ಮಾತ್ರೆ ಔಷಧಿಯೇ ಅಲ್ಲ, ಕಾಫಿ ಮುಂಚೆ ನುಂಗುವ ಇನ್ನೊಂದು ಪದಾರ್ಥ. ನಾನು ಪ್ರಶ್ನೆಯನ್ನು ತಿರುಗಿಸಿ ‘ಬೆಳಿಗ್ಗೆ ಖಾಲಿ ಹೊಟ್ಟೆಗೆ ಏನಾದ್ರೂ ನುಂಗ್ತೀರಾ?’ ಅಂತ ಕೇಳೋಕೆ ಶುರು ಮಾಡಿದ ಮೇಲೆ ಉತ್ತರವೂ ತಿರುಗಿತು. ‘ಹ್ಞೂಂ, ಅದೊಂದು ಗ್ಯಾಸಿಂದು, ಹೌದು. ನಿನ್ನೆನೂ ತಗೊಂಡಿದ್ದೆ.’

ಇನ್ನು ಕೆಲವರಿಗೆ ತಾವು ಪಿಪಿಐ ನುಂಗುತ್ತಿದ್ದೇವೆ ಅನ್ನೋದೇ ಗೊತ್ತಿರಲ್ಲ. ಮಂಡಿನೋವಿಗೆ ಕೊಟ್ಟ ನಾಲ್ಕು ಮಾತ್ರೆಗಳಲ್ಲಿ ಒಂದು ಅದಾಗಿರುತ್ತೆ. ಕೈಯಲ್ಲಿ ಕತ್ತರಿಸಿಕೊಟ್ಟ ಸ್ಟ್ರಿಪ್ಪಿನ ತುಂಡು, ಅದರ ಮೇಲೆ ಹೆಸರೇ ಉಳಿದಿರಲ್ಲ. ಹೆಸರು ಉಳಿದಿದ್ದರೂ ಅದು ಇಂಗ್ಲಿಷಿನಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ.

ಎರಡು ವಾರ ಬಿಡೋದು ಹೇಳಿದಷ್ಟು ಸುಲಭ ಅಲ್ಲ

ಬಹಳ ದಿನ ಪಿಪಿಐ ತಗೊಂಡವರು ಥಟ್ಟನೆ ನಿಲ್ಲಿಸಿದರೆ, ಅದುಮಿಟ್ಟಿದ್ದ ಆಮ್ಲ ಮುಂಚಿಗಿಂತ ಜೋರಾಗಿ ಉಕ್ಕಬಹುದು. ‘ನೋಡಿ, ಮಾತ್ರೆ ಬಿಟ್ಟರೆ ನನಗಾಗಲ್ಲ’ ಅಂತ ಮೂರೇ ದಿನಕ್ಕೆ ಮತ್ತೆ ಶುರು ಮಾಡೋದು ಇದಕ್ಕೇ. ಈ ಉರಿ ಸಾಮಾನ್ಯವಾಗಿ ತಾತ್ಕಾಲಿಕ. ಆ ಅವಧಿಯಲ್ಲಿ ಆಂಟಾಸಿಡ್ ಸಿರಪ್, ಬೇಕಿದ್ದರೆ ಫ್ಯಾಮೊಟಿಡಿನ್ ಬಳಸಿ ದಿನ ತಳ್ಳಬಹುದು. ಪರೀಕ್ಷೆ ಹತ್ತಿರ ಬಂದಾಗ ಫ್ಯಾಮೊಟಿಡಿನ್ ಕೂಡ ಬಿಡಬೇಕು.

ಆದರೆ ಎಲ್ಲರೂ ತಾವಾಗಿಯೇ ನಿಲ್ಲಿಸುವಂತಿಲ್ಲ. ಈಚೆಗೆ ಹುಣ್ಣಿನಿಂದ ರಕ್ತ ಹೋದವರು, ಹೃದಯದ ತೊಂದರೆಗೆ ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ದಿನವೂ ನೋವಿನ ಮಾತ್ರೆ ಬೇಕಾದವರು ವೈದ್ಯರನ್ನು ಕೇಳದೆ ಪಿಪಿಐ ಬಿಡಬಾರದು. ಅಂಥವರಿಗೆ ಯಾವಾಗ, ಯಾವ ಪರೀಕ್ಷೆ ಅನ್ನೋದನ್ನು ವೈದ್ಯರೇ ತೀರ್ಮಾನಿಸಬೇಕು. ಮಲ ಕಪ್ಪಗೆ ಟಾರಿನಂತೆ ಹೋಗುತ್ತಿದ್ದರೆ, ರಕ್ತ ವಾಂತಿಯಾದರೆ, ಕಾರಣವಿಲ್ಲದೆ ತೂಕ ಇಳಿದರೆ, ನುಂಗೋಕೆ ಕಷ್ಟವಾದರೆ ಉಸಿರಿನ ಪರೀಕ್ಷೆಗಾಗಿ ಎರಡು ವಾರ ಕಾಯಬೇಡಿ. ಕೂಡಲೇ ವೈದ್ಯರ ಹತ್ತಿರ ಹೋಗಿ. ಅಲ್ಲಿ ಬೇಕಾಗೋದು ಎಂಡೋಸ್ಕೋಪಿ.

ಇದು ಬರೀ ರೋಗಿಯ ಎಚ್ಚರಿಕೆಯ ವಿಷಯವೇ?

ಇಷ್ಟೆಲ್ಲಾ ಓದಿ ‘ಸರಿ, ಜನ ಎಚ್ಚರವಾಗಿರಬೇಕು’ ಅಂತ ಮುಗಿಸಿದರೆ ಅದು ಅನ್ಯಾಯ. ತಪ್ಪು ವರದಿಯ ಬೆಲೆ ಎಲ್ಲರಿಗೂ ಒಂದೇ ಅಲ್ಲ. ನಗರದ ಸಂಬಳದಾರರು ಇನ್ನೊಂದು ಶನಿವಾರ ಹೋಗಿ ಮತ್ತೆ ಊದಿ ಬರಬಹುದು. ತಾಲ್ಲೂಕಿನಿಂದ ಬಸ್ಸು ಹತ್ತಿ ಬರುವ ಕೂಲಿಯವರಿಗೆ ಎರಡನೇ ಪರೀಕ್ಷೆ ಅಂದರೆ ಇನ್ನೊಂದು ದಿನದ ಕೂಲಿ, ಇನ್ನೊಂದು ಸಲದ ಟಿಕೆಟ್, ಇನ್ನೊಂದು ಸಲದ ಫೀಸು. ಅವರು ಮತ್ತೆ ಬರಲ್ಲ. ಸೋಂಕು ಹೆಚ್ಚು ಇರೋದೂ ಅವರ ಮನೆಗಳಲ್ಲೇ.

ಮಾಹಿತಿ ಕೊಡೋದು ಉಪಕಾರ ಏನಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಮೊದಲನೆಯದೇ ಮಾಹಿತಿಯ ಹಕ್ಕು, ಅದೂ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ. ನಮ್ಮ ರಾಜ್ಯದಲ್ಲಿ 2017ರ ಕೆಪಿಎಂಇ ತಿದ್ದುಪಡಿ ಕಾಯ್ದೆಯ ವಿರುದ್ಧ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ನೆನಪಿರಬಹುದು. ಆ ಗಲಾಟೆಯಲ್ಲಿ ದರ ನಿಗದಿಯ ಮಾತೇ ಹೆಚ್ಚು ಕೇಳಿಸಿತು. ರೋಗಿಗಳ ಸನ್ನದು ಕೂಡ ಅದೇ ಕಾಯ್ದೆಯ ಭಾಗ ಅನ್ನೋದು ಮರೆತೇಹೋಯಿತು. ಹಕ್ಕು ಅಂದರೆ ಬರೀ ಬಿಲ್ಲಿನ ವಿವರ ಅಲ್ಲ. ನಾನು ದುಡ್ಡು ಕೊಟ್ಟು ಮಾಡಿಸುವ ಪರೀಕ್ಷೆ ಯಾವಾಗ ಸುಳ್ಳು ಹೇಳುತ್ತೆ ಅಂತ ಮುಂಚೆಯೇ ತಿಳಿಸಿಕೊಳ್ಳೋದೂ ಹಕ್ಕೇ.

ಇದಕ್ಕೆ ಬೇಕಾದ ಬದಲಾವಣೆಗಳಿಗೆ ಹೆಚ್ಚು ದುಡ್ಡೇನೂ ಬೇಡ. ಪರೀಕ್ಷೆಗೆ ದಿನ ಕೊಡುವ ಚೀಟಿಯಲ್ಲೇ ಕನ್ನಡದಲ್ಲಿ ನಾಲ್ಕು ಸಾಲು: ಗ್ಯಾಸ್ ಮಾತ್ರೆ ಎರಡು ವಾರ ಬೇಡ, ಆಂಟಿಬಯೋಟಿಕ್ ಆಗಿ ನಾಲ್ಕು ವಾರ ಕಳೆದಿರಬೇಕು, ಬಿಡಬಹುದೇ ಅಂತ ವೈದ್ಯರನ್ನು ಕೇಳಿ, ಉರಿಯಾದರೆ ಹೀಗೆ ಮಾಡಿ. ವರದಿಯಲ್ಲಿ ‘ಕಳೆದ 14 ದಿನದಲ್ಲಿ ಪಿಪಿಐ: ಹೌದು/ಇಲ್ಲ’ ಅನ್ನೋ ಒಂದು ಕಾಲಂ. ಮಾತ್ರೆ ತಗೊಂಡಿದ್ದರೆ ಪರೀಕ್ಷೆ ಮುಂದೂಡಿ ಅಂತ ಹೇಳುವ ಅಧಿಕಾರ ಟೆಕ್ನೀಷಿಯನ್‌ಗೆ. ಇವತ್ತು ಬಂದವರನ್ನು ಇವತ್ತೇ ಊದಿಸಿ ಕಳಿಸಿದರೆ ಲ್ಯಾಬಿನ ಲೆಕ್ಕ ಬೆಳೆಯುತ್ತೆ ನಿಜ. ಆದರೆ ತಪ್ಪು ವರದಿ ಹೊತ್ತು ಮನೆಗೆ ಹೋಗೋದು ಲ್ಯಾಬ್ ಅಲ್ಲ.

ಅಲ್ಲಿಯವರೆಗೆ ನಾವೇ ಮಾಡಬಹುದಾದ್ದು ಒಂದಿದೆ. ನಿಮ್ಮ ಮನೆಯಲ್ಲಿ ಯಾರಾದರೂ ಈ ಪರೀಕ್ಷೆಗೆ ಹೊರಟಿದ್ದರೆ, ಡಬ್ಬಿಯಲ್ಲಿರುವ ಎಲ್ಲ ಸ್ಟ್ರಿಪ್ಪುಗಳ ಫೋಟೋ ತೆಗೆದು, ಪರೀಕ್ಷೆಗೆ ಎರಡು ವಾರ ಮುಂಚೆಯೇ ವೈದ್ಯರಿಗೆ ತೋರಿಸಿ. ಹೆಸರಿನ ಕೊನೆಯಲ್ಲಿ ‘ಪ್ರಜೋಲ್’ ಅಂತ ಇದ್ದರೆ ಅದರ ಬಗ್ಗೆ ಬಾಯಿಬಿಟ್ಟು ಕೇಳಿ. ಈಗಾಗಲೇ ಪರೀಕ್ಷೆ ಮುಗಿದು ನೆಗೆಟಿವ್ ಬಂದಿದ್ದರೆ, ಆ ವಾರಗಳಲ್ಲಿ ಗ್ಯಾಸ್ ಮಾತ್ರೆ ನಡೆದಿತ್ತಾ ಅಂತ ಅಪ್ಪನನ್ನೋ ಅಮ್ಮನನ್ನೋ ಇವತ್ತೇ ಕೇಳಿ. ‘ಔಷಧಿ’ ಅಂತ ಕೇಳಬೇಡಿ, ಇಲ್ಲ ಅಂತಾರೆ. ‘ಗ್ಯಾಸಿಂದು’ ಅಂತಲೇ ಕೇಳಿ.